ಅಜ್ಜನ ಲೆವೆಲ್ ಬುಕ್ಕಿನಲ್ಲಿ ಮೂರು ಸಲ ಬರುವ 2.65: ಇದನ್ನು ಓದೋದು ಹೇಗೆ?

ಗಣಿತ ಟೀಚರ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸ್ತೀನಿ. ಇಂಜಿನಿಯರಿಂಗ್ ಓದಿದವಳಲ್ಲ, ಹಾಗಾಗಿ ಇಲ್ಲಿ ಕೇಳ್ತಾ ಇದ್ದೀನಿ.

ಹೋದ ತಿಂಗಳು ಪಿ.ಜೆ. ಬಡಾವಣೆಯ ನಮ್ಮ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಅಜ್ಜನ ಕಬ್ಬಿಣದ ಟ್ರಂಕು ಸಿಕ್ಕಿತು. ಅಜ್ಜ ಬೆಂಗಳೂರಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಈಗಿನ ಯು.ವಿ.ಸಿ.ಇ.ಯಲ್ಲಿ, 1920ರ ದಶಕದ ಶುರುವಿನಲ್ಲಿ ಓದಿದವರು. ಆಮೇಲೆ ಸಂಸ್ಥಾನದ ಲೋಕೋಪಯೋಗಿ ಇಲಾಖೆಯಲ್ಲಿದ್ದರು. ನಾನು ಹುಟ್ಟೋ ಮೊದಲೇ ತೀರಿಕೊಂಡಿದ್ದರಿಂದ ಅವರನ್ನು ನೋಡಿದ್ದು ಫೋಟೋದಲ್ಲಿ ಮಾತ್ರ. ಟ್ರಂಕಿನಲ್ಲಿ ಮಖಮಲ್ಲಿನ ಗೂಡಿರುವ ಡ್ರಾಯಿಂಗ್ ಪೆಟ್ಟಿಗೆ, ಒಂದು ಸ್ಲೈಡ್ ರೂಲ್, ಹಿತ್ತಾಳೆ ಬಿಲ್ಲೆಗಳು ತೂಗುವ ಉದ್ದನೆಯ ಕಬ್ಬಿಣದ ಸರಪಳಿ, ನೀಲಿ ಕಾಗದದ ಮೇಲೆ ಬಿಳಿ ಗೆರೆ ಇರುವ ಸೇತುವೆಯ ನಕ್ಷೆ, ಮತ್ತೆ ನುಣುಪಾದ ಬಟ್ಟೆಯ ಮೇಲೆ ಬರೆದ ಅರ್ಧ ನಕ್ಷೆ ಇದ್ದವು. ಇನ್ನರ್ಧ ಯಾರೋ ಕತ್ತರಿಸಿಕೊಂಡಿದ್ದಾರೆ. ಎಲ್ಲಕ್ಕಿಂತ ಕೆಳಗೆ, ಅಂಗೈ ಅಗಲದ ಒಂದು ಪುಸ್ತಕ. ಮೊದಲ ಪುಟದಲ್ಲಿ ಅಜ್ಜನ ಹೆಸರು, ಕ್ಲಾಸು, 1923 ಅಂತ ಇದೆ.

ಪುಸ್ತಕದ ತುಂಬಾ ಅಂಕಿ. ಕಾಲಂಗಳ ಮೇಲೆ ಬಿ.ಎಸ್., ಐ.ಎಸ್., ಎಫ್.ಎಸ್., ರೈಸ್, ಫಾಲ್, ಆರ್.ಎಲ್. ಅಂತ ಇದೆ. ಮೂರನೇ ಪುಟದ ಸಾಲುಗಳನ್ನು ಇದ್ದ ಹಾಗೇ ಇಳಿಸ್ತೀನಿ:

ಕಾಲೇಜಿನ ಮೆಟ್ಟಿಲು: ಬಿ.ಎಸ್. 4.35, ಆರ್.ಎಲ್. 100.00
ಎರಡನೇ ಜಾಗ: ಐ.ಎಸ್. 5.10, ಫಾಲ್ 0.75, ಆರ್.ಎಲ್. 99.25
ಮೂರನೇದು: ಐ.ಎಸ್. 3.60, ರೈಸ್ 1.50, ಆರ್.ಎಲ್. 100.75
ನಾಲ್ಕನೇದು: ಎಫ್.ಎಸ್. 2.85, ರೈಸ್ 0.75, ಆರ್.ಎಲ್. 101.50, ಅದೇ ಸಾಲಿನಲ್ಲಿ ಮತ್ತೆ ಬಿ.ಎಸ್. 6.20
ಐದನೇದು: ಐ.ಎಸ್. 7.45, ಫಾಲ್ 1.25, ಆರ್.ಎಲ್. 100.25
ಆರನೇದು: ಎಫ್.ಎಸ್. 5.05, ರೈಸ್ 2.40, ಆರ್.ಎಲ್. 102.65

ಪುಟದ ಬುಡದಲ್ಲಿ ಮೂರು ಕಳೆಯುವ ಲೆಕ್ಕ. ಬಿ.ಎಸ್. ಮೊತ್ತ 10.55ರಲ್ಲಿ ಎಫ್.ಎಸ್. ಮೊತ್ತ 7.90 ಕಳೆದರೆ 2.65. ರೈಸ್ 4.65ರಲ್ಲಿ ಫಾಲ್ 2.00 ಕಳೆದರೆ 2.65. ಕೊನೆಯ ಆರ್.ಎಲ್.ನಲ್ಲಿ ಮೊದಲನೆಯದು ಕಳೆದರೂ 2.65. ಗಣಿತದವಳಾಗಿ ನನಗೆ ಮೈ ಜುಮ್ಮೆಂದಿತು. ಹಾಗಾದರೆ ಈ ಪುಟ ಪೂರ್ತಿ ಸರಿ ಇದೆ ಅಂತ ಅರ್ಥವೇ?

ಗೊಂದಲ ಆಗಿರೋದು ಹದಿನಾಲ್ಕನೇ ಪುಟದಲ್ಲಿ. ಅದು 100.00ರಿಂದ ಹೊರಟು, ಸುತ್ತು ಹಾಕಿ, ಮತ್ತೆ ಅದೇ ಮೆಟ್ಟಿಲಿಗೆ ಬಂದಾಗ 99.87 ಅಂತ ಮುಗಿಯುತ್ತೆ. ಅಲ್ಲೂ ಬುಡದ ಮೂರು ಲೆಕ್ಕ ಒಂದಕ್ಕೊಂದು ಕೂಡುತ್ತವೆ. ಆದರೆ ಅಜ್ಜ ಪುಟಕ್ಕೆ ಅಡ್ಡ ಗೆರೆ ಎಳೆದು, 'ತಪ್ಪು 0.13 ಅಡಿ, ಮತ್ತೆ ಮಾಡಬೇಕು' ಅಂತ ಇಂಗ್ಲಿಷಿನಲ್ಲಿ ಬರೆದು ರುಜು ಹಾಕಿದ್ದಾರೆ. ಆ ರುಜುವಿನ ಪಕ್ಕ ಮೇಷ್ಟರದ್ದಿರಬೇಕು, ಕೆಂಪು ಶಾಯಿಯ ರುಜು. ನಾಲ್ಕು ದಿನದ ನಂತರದ ತಾರೀಖಿನಲ್ಲಿ ಅದೇ ಸುತ್ತು ಮತ್ತೆ. ಈ ಸಲ 99.98ಕ್ಕೆ ಮುಗಿದಿದೆ. ತಪ್ಪಿದ ಪುಟವನ್ನು ಹರಿದು ಹಾಕದೆ ಮೇಷ್ಟರಿಗೆ ಯಾಕೆ ತೋರಿಸಿದರು?

ಅಕ್ಷರ ಕೆಲವು ಕಡೆ ನೇರಳೆ ಬಣ್ಣಕ್ಕಿದೆ, ಧೂಳು ಹಿಡಿದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಬಹುದೇ? ನಮ್ಮ ತಮ್ಮ ಎಲ್ಲಾ ಗುಜರಿಗೆ ಹಾಕು ಅಂತಾನೆ. ನನಗೆ ಮನಸ್ಸಿಲ್ಲ.

---

ಸಿವಿಲ್ ಆರನೇ ಸೆಮಿಸ್ಟರ್:

ಅಕ್ಕ, ಗುಜರಿಗೆ ದಯವಿಟ್ಟು ಹಾಕಬೇಡಿ! ಇದು ಲೆವೆಲಿಂಗ್ ಬುಕ್, ಅಂದರೆ ದುರ್ಬೀನಿರೋ ಲೆವೆಲ್ ಯಂತ್ರದಲ್ಲಿ ನೋಡಿ ನೆಲದ ಏರಿಳಿತ ಬರೆದಿಡೋ ಪುಸ್ತಕ. ನಮಗೂ ಲ್ಯಾಬಿನಲ್ಲಿ ಇದೇ ಕಾಲಂಗಳು ಇರ್ತವೆ. ಬಿ.ಎಸ್. ಅಂದರೆ ಬ್ಯಾಕ್ ಸೈಟ್, ಯಂತ್ರ ನಿಲ್ಲಿಸಿದ ಮೇಲೆ ಮೊದಲು ನೋಡೋ ರೀಡಿಂಗ್. ಎಫ್.ಎಸ್. ಫೋರ್ ಸೈಟ್, ಯಂತ್ರ ಎತ್ತೋ ಮುಂಚಿನ ಕೊನೇ ರೀಡಿಂಗ್. ನಡುವಿನವು ಇಂಟರ್‌ಮೀಡಿಯೆಟ್. ಆರ್.ಎಲ್. ಅಂದರೆ ರೆಡ್ಯೂಸ್ಡ್ ಲೆವೆಲ್, ಆ ಜಾಗದ ಎತ್ತರ. ಮೂರೂ ಉತ್ತರ ಒಂದೇ ಬಂದರೆ ಲೆವೆಲ್ ಕರೆಕ್ಟ್ ಅಂತಾನೇ ಅರ್ಥ. ನಾವು ಈಗ ಹೆಚ್ಚಾಗಿ ಟೋಟಲ್ ಸ್ಟೇಷನ್ ಅನ್ನೋ ಎಲೆಕ್ಟ್ರಾನಿಕ್ ಯಂತ್ರ ಬಳಸ್ತೀವಿ, ಲೆಕ್ಕ ಅದೇ ಮಾಡಿಬಿಡುತ್ತೆ. ಹದಿನಾಲ್ಕನೇ ಪುಟ ಯಾಕೆ ಹಾಗೆ ಅಂತ ನನಗೂ ಹೊಳೀಲಿಲ್ಲ. ಲೆಕ್ಕ ಕೂಡಿದ ಮೇಲೆ ತಪ್ಪು ಎಲ್ಲಿಂದ ಬಂತು?

---

ಹಳೇ ಸರ್ವೇ ಮೇಷ್ಟ್ರು:

ಮೊದಲ ಮಾತು: ಒದ್ದೆ ಬಟ್ಟೆ ಮುಟ್ಟಿಸಬೇಡಿ ತಾಯಿ. ನೇರಳೆ ಕಾಣ್ತಿರೋದು ಕಾಪಿಯಿಂಗ್ ಪೆನ್ಸಿಲ್. ಅದರ ಕಡ್ಡಿಯಲ್ಲಿ ಬಣ್ಣ ಬೆರೆಸಿರುತ್ತಿದ್ದರು. ಒಣಗಿದ್ದಾಗ ಪೆನ್ಸಿಲ್, ನೀರು ಸೋಕಿದರೆ ಶಾಯಿ. ಒಂದು ಸಲ ಒರೆಸಿದರೆ ಅಜ್ಜನ ಅಂಕಿಗಳೆಲ್ಲ ನೇರಳೆ ಕೆಸರಾಗ್ತವೆ. ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೀರಿ, ಸಾಕು. ನೀಲಿ ನಕ್ಷೆಯನ್ನೂ ಗೋಡೆಗೆ ತೂಗುಹಾಕಬೇಡಿ. ಬೆಳಕಿಗೆ ಅದು ಬಿಳಿಚಿಕೊಳ್ಳುತ್ತೆ, ಸೋಪಿನಂಥ ಕ್ಷಾರ ತಗುಲಿದರೂ ನೀಲಿ ಹೋಗುತ್ತೆ. ಕತ್ತಲಲ್ಲಿ, ತೇವ ಇಲ್ಲದ ಕಡೆ ಇಡ್ರಿ.

ಈಗ ಮೂರು ಸಲ ಬಂದ 2.65ರ ವಿಷಯ. ತಮ್ಮಾ, ನೀನು ಬರೆದಿರೋದರಲ್ಲಿ ಕಾಲಂಗಳ ಮಾತು ಸರಿ, ಆದರೆ 'ಲೆವೆಲ್ ಕರೆಕ್ಟ್' ಅನ್ನೋದು ಸರಿ ಅಲ್ಲ. ಈ ತಪ್ಪನ್ನು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಮಾಡ್ತಿದ್ದರು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಯಂತ್ರ ಒಂದು ಸಮಮಟ್ಟದ ಗೆರೆ ಕೊಡುತ್ತೆ. ದೂರದಲ್ಲಿ ಒಬ್ಬ ಅಡಿಕೋಲು, ಅಂದರೆ ಸ್ಟಾಫ್, ನೆಟ್ಟಗೆ ಹಿಡಿದಿರ್ತಾನೆ. ಆ ಗೆರೆ ಕೋಲನ್ನು ಎಲ್ಲಿ ಮುಟ್ಟುತ್ತೋ ಅದೇ ಓದು. ಓದು ಹೆಚ್ಚಾದರೆ ನೆಲ ತಗ್ಗು, ಕಡಿಮೆಯಾದರೆ ನೆಲ ದಿಬ್ಬ. ಮೆಟ್ಟಿಲ ಮೇಲೆ 4.35 ಓದಿ, ಮುಂದಿನ ಜಾಗದಲ್ಲಿ 5.10 ಓದಿದರೆ ನೆಲ 0.75 ಅಡಿ ಇಳಿದಿದೆ. ಮೆಟ್ಟಿಲಿಗೆ 100.00 ಅಂತ ಇಟ್ಟುಕೊಂಡರೆ ಅದು 99.25. ಮೂರನೇದು 3.60, ಅಂದರೆ 1.50 ಏರಿತು, 100.75. ಹೀಗೆ ಸಾಗುತ್ತೆ. ನಾಲ್ಕನೇ ಸಾಲಿನಲ್ಲಿ ಎರಡು ಓದು ಇರೋದು ಯಾಕೆ ಅಂದರೆ, ಕೋಲು ಅಲ್ಲೇ ನಿಂತಿದೆ, ಯಂತ್ರ ಮುಂದಕ್ಕೆ ಹೋಗಿದೆ. ಹಳೇ ಜಾಗದಿಂದ 2.85 ಓದಿ, ಹೊಸ ಜಾಗದಿಂದ ಅದೇ ಕೋಲನ್ನು 6.20 ಓದಿದ್ದಾರೆ. ಆ ಹೊತ್ತಿನಲ್ಲಿ ಕೋಲು ಹಿಡಿದವನು ಒಂದು ಇಂಚು ಕದಲಿದರೂ ಮುಂದಿನದೆಲ್ಲ ಹಾಳು.

ಬುಡದ ಮೂರು ಲೆಕ್ಕ ಪರೀಕ್ಷೆ ಮಾಡೋದು ನಿಮ್ಮ ಕೂಡು-ಕಳೆಯನ್ನು ಮಾತ್ರ. ನೀವು ನೆಲವನ್ನು ಸರಿಯಾಗಿ ನೋಡಿದಿರಾ ಅನ್ನೋದನ್ನಲ್ಲ. 5.05 ಓದಬೇಕಾದ ಕಡೆ 6.05 ಓದಿ ಬರೆದಿದ್ದರೂ ಮೂರು ಉತ್ತರಗಳು ಒಂದೇ ಬರ್ತಿದ್ದವು, 2.65ರ ಬದಲು 1.65. ಪುಸ್ತಕ ನಗ್ತಾ ಕೂತಿರುತ್ತೆ, ನೆಲ ಒಂದಡಿ ತಪ್ಪಿರುತ್ತೆ. ಅಜ್ಜನ ಕಾಲದಲ್ಲಿ ಇಂಥ ತಪ್ಪಿಗೆ ದಾರಿ ಇನ್ನೂ ಸಲೀಸು. ಆಗಿನ ಡಂಪಿ ಲೆವೆಲ್ಲಿನ ದುರ್ಬೀನಿನಲ್ಲಿ ಬಿಂಬ ತಲೆಕೆಳಗಾಗಿ ಕಾಣ್ತಿತ್ತು. ಕೋಲಿನ ಬುಡ ಮೇಲೆ, ತುದಿ ಕೆಳಗೆ. ಅಂಕಿಗಳನ್ನು ಮೇಲಿಂದ ಕೆಳಕ್ಕೆ ಎಣಿಸಬೇಕು. ಒಂದಡಿಯನ್ನು ನೂರು ಪಾಲು ಮಾಡಿದ ಕಪ್ಪು-ಬಿಳಿ ಪಟ್ಟೆಗಳು, ಅಡಿಯ ಅಂಕಿ ಕೆಂಪು. ಹುಲ್ಲೋ ಕೊಂಬೆಯೋ ಆ ಕೆಂಪು ಅಂಕಿಯನ್ನು ಮರೆಮಾಡಿದರೆ ಪೂರ್ತಿ ಒಂದಡಿ ಎಡವಿಬಿಡಬಹುದು. 1970ರ ದಶಕದಲ್ಲಿ ದಾವಣಗೆರೆಯ ಬಿ.ಡಿ.ಟಿ. ಕಾಲೇಜಿನಲ್ಲಿ ನಾನು ಓದುವಾಗಲೂ ಅಂಥ ಯಂತ್ರವನ್ನೇ ಕಣ್ಣಿಗೆ ಹಿಡಿದಿದ್ದು. ಮೊದಲ ವಾರ ತಲೆ ಸುತ್ತುತ್ತೆ. ಆಮೇಲೆ ನೆಟ್ಟಗಿರೋ ಲೋಕವೇ ತಲೆಕೆಳಗು ಅನ್ನಿಸೋಕೆ ಶುರುವಾಗುತ್ತೆ.

ಹಾಗಾದರೆ ನೆಲದ ತಪ್ಪು ಗೊತ್ತಾಗೋದು ಹೇಗೆ? ಹೊರಟ ಜಾಗಕ್ಕೇ ವಾಪಸ್ ಬರಬೇಕು. ಇಲ್ಲವೇ ಎತ್ತರ ಮೊದಲೇ ಗೊತ್ತಿರೋ ಇನ್ನೊಂದು ಗುರುತಿಗೆ, ಅಂದರೆ ಬೆಂಚ್ ಮಾರ್ಕಿಗೆ, ಸೇರಿಸಬೇಕು. ಹದಿನಾಲ್ಕನೇ ಪುಟದಲ್ಲಿ ಅಜ್ಜ ಹೊರಟ ಜಾಗಕ್ಕೇ ವಾಪಸ್ ಬಂದಿದ್ದಾರೆ. ಮೆಟ್ಟಿಲು ಎಲ್ಲಿಗೂ ಹೋಗಿಲ್ಲ, 100.00 ಬರಬೇಕಿತ್ತು, 99.87 ಬಂತು. ಸಾಮಾನ್ಯ ಕೆಲಸಕ್ಕೆ ಆಗ ಒಪ್ಪುತ್ತಿದ್ದ ತಪ್ಪು, ನಡೆದ ಮೈಲಿಗಳ ವರ್ಗಮೂಲವನ್ನು 0.1ರಿಂದ ಗುಣಿಸಿದಷ್ಟು ಅಡಿ. ನಿಮ್ಮಜ್ಜನ ಸುತ್ತು ಕಾಲು ಮೈಲಿ ಇದ್ದಿದ್ದರೆ, ಅದರ ವರ್ಗಮೂಲ ಅರ್ಧ, ಅಂದರೆ 0.05 ಅಡಿ. 0.13 ಒಪ್ಪುವ ಮಾತಲ್ಲ, ಎರಡನೇ ಸಲದ 0.02 ಧಾರಾಳವಾಗಿ ಒಪ್ಪಿತ.

0.13 ಅಡಿ ಅಂದರೆ ಒಂದೂವರೆ ಇಂಚು, ಅಷ್ಟಕ್ಕೆ ಯಾಕಿಷ್ಟು ಗಲಾಟೆ ಅನ್ನಿಸಬಹುದು. ಕಾಲುವೆ ಕೆಲಸ ಮಾಡಿದವರನ್ನು ಕೇಳಿ. 5000 ಅಡಿಗೆ ಒಂದಡಿ ಇಳಿಜಾರು ಕೊಡುವ ಕಾಲುವೆಯಲ್ಲಿ 0.13 ಅಡಿ ಅಂದರೆ 650 ಅಡಿ ಉದ್ದದ ಪೂರ್ತಿ ಇಳಿಜಾರು. ಅಷ್ಟು ದೂರಕ್ಕೆ ನೀರಿಗೆ ಹರಿಯುವ ದಾರಿಯೇ ಇಲ್ಲ.

ಇದನ್ನು ನಾನು ಪಾಠದಿಂದ ಕಲಿತಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಿರುಗಾಲುವೆಯ ಲೆವೆಲ್ ತಗೊಂಡೆ. ಕೊನೆಗೆ ಬೆಂಚ್ ಮಾರ್ಕಿಗೆ ಸೇರಿಸಿದಾಗ ಹತ್ತು ಸೆಂಟಿಮೀಟರ್ ಹೊಂದಲಿಲ್ಲ. ಮತ್ತೆ ಮಾಡ್ತೀನಿ ಅಂದೆ. ಟೈಮಿಲ್ಲ, ಎಲ್ಲಾ ಪುಟಕ್ಕೂ ಒಂದಿಷ್ಟು ಹಂಚಿ ಹಾಕು ಅಂದರು ಮೇಲಿನವರು. ಹಂಚಿ ಹಾಕಿದೆ. ಪುಸ್ತಕ ಮುತ್ತಿನ ಹಾಗೆ ಹೊಂದಿತು. ನೀರು ಬಿಟ್ಟ ದಿನ ಒಂದು ಹೊಲದ ಬದಿಯಲ್ಲಿ ನಿಂತುಬಿಟ್ಟಿತು, ಕಾಲುವೆಯ ಕೊನೆಯ ರೈತರಿಗೆ ಮುಟ್ಟಲೇ ಇಲ್ಲ. ಅವರಲ್ಲೊಬ್ಬರು ಒಣಗಿದ ಕಾಲುವೆಯಲ್ಲಿ ಕೂತು ನನ್ನನ್ನು ಕೇಳಿದ್ದು ಒಂದೇ ಮಾತು: 'ನೀವು ನೋಡಿಯೇ ಬರೆದಿದ್ದಲ್ಲವಾ ಸಾಮಿ?' ನಾನು ಉತ್ತರ ಕೊಡಲಿಲ್ಲ. ಎರಡು ವರ್ಷಕ್ಕೆ ಆ ಕೆಲಸ ಬಿಟ್ಟು ಪಾಠ ಹೇಳೋಕೆ ಬಂದೆ.

ಆದ್ದರಿಂದ, ಆ ಪುಟ ಯಾಕೆ ಹರಿಯಲಿಲ್ಲ ಅಂತ ಕೇಳಿದಿರಲ್ಲ, ಹರಿಯುವ ಹಾಗೇ ಇರಲಿಲ್ಲ. ಫೀಲ್ಡ್ ಬುಕ್ಕಿಗೆ ರಬ್ಬರ್ ಮುಟ್ಟಿಸಬಾರದು ಅನ್ನೋದು ಸರ್ವೇ ಪಾಠದ ಮೊದಲ ನೇಮ. ಪುಟಗಳಿಗೆ ನಂಬರ್ ಇರುತ್ತೆ. ತಪ್ಪಿದರೆ ಓದಲು ಬರುವ ಹಾಗೆ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ರುಜು ಹಾಕಬೇಕು. ಮೇಷ್ಟರ ಕೆಂಪು ರುಜು ಆ ತಪ್ಪನ್ನು ನೋಡಿದ್ದೇನೆ ಅನ್ನೋದಕ್ಕೆ. ಇಪ್ಪತ್ತು-ಇಪ್ಪತ್ತೊಂದರ ಹುಡುಗ 'ತಪ್ಪು 0.13' ಅಂತ ತನ್ನ ಕೈಯಾರೆ ಬರೆದು ರುಜು ಹಾಕಿದ್ದಾನೆ. ಆ ಪುಟದ ಫೋಟೋ ಇದ್ದರೆ ಹಾಕಿ ತಾಯಿ, ಒಂದು ಸಲ ನೋಡಬೇಕು.

ಅಂದಹಾಗೆ, ಆ ಕಾಲೇಜು ಆಗಿನ್ನೂ ಆರು ವರ್ಷದ ಕೂಸು. ಶುರುವಾಗಿದ್ದು 1917ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಅದಕ್ಕೆ ಒಂದು ವರ್ಷ ಮೊದಲು ಮೈಸೂರು ವಿಶ್ವವಿದ್ಯಾನಿಲಯ. ಅದಕ್ಕೂ ಮುಂಚೆ ಸಂಸ್ಥಾನದ ಹುಡುಗ ಇಂಜಿನಿಯರ್ ಆಗಬೇಕೆಂದರೆ ಪುಣೆಗೋ ಮದರಾಸಿಗೋ ಹೋಗಬೇಕಿತ್ತು. ವಿಶ್ವೇಶ್ವರಯ್ಯನವರೇ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ 1883ರಲ್ಲಿ ಎಲ್.ಸಿ.ಇ., ಅಂದರೆ ಆಗಿನ ಸಿವಿಲ್ ಇಂಜಿನಿಯರಿಂಗ್ ಪರೀಕ್ಷೆ, ಮೊದಲನೆಯವರಾಗಿ ಪಾಸಾದವರು, ಮತ್ತೆ ಕೆಲಸಕ್ಕೆ ಸೇರಿದ್ದು ಮುಂಬಯಿ ಸರ್ಕಾರದಲ್ಲಿ. ಇತ್ತ ಸಂಸ್ಥಾನದಲ್ಲಿ 1902ಕ್ಕೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಿತ್ತು, 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿತ್ತು. ಕಟ್ಟೋದು ಇಲ್ಲಿ, ಕಲಿಯೋದು ಇನ್ನೆಲ್ಲೋ. ಆ ಅಂತರ ಮುಚ್ಚೋಕೆ ಬಂದ ಕಾಲೇಜಿನ ಮೊದಲ ಸಾಲಿನ ಹುಡುಗರಲ್ಲಿ ನಿಮ್ಮಜ್ಜ ಒಬ್ಬರು.

ಒಂದು ಕೆಲಸ ಮಾಡಿ. ಹದಿನಾಲ್ಕನೇ ಪುಟದಲ್ಲೂ, ಮತ್ತೆ ಮಾಡಿದ ಪುಟದಲ್ಲೂ, ಕೊನೆಯ ಕಾಲಂನಲ್ಲಿ ಸಣ್ಣ ಅಕ್ಷರದಲ್ಲಿ ದೂರಗಳನ್ನು ಬರೆದಿದ್ದಾರಾ ನೋಡಿ. ಇದ್ದರೆ ಬ್ಯಾಕ್ ಸೈಟಿನದು ಬೇರೆ, ಫೋರ್ ಸೈಟಿನದು ಬೇರೆ ಕೂಡಿ ಹೇಳಿ. ನನಗೊಂದು ಅನುಮಾನ ಇದೆ.

---

ಸರ್ವೇಯರ್, ಚಿತ್ರದುರ್ಗ:

ಸರಪಳಿ ಬಗ್ಗೆ ಯಾರೂ ಹೇಳಲಿಲ್ಲ. ಮೇಡಂ, ಕೊಂಡಿಗಳನ್ನು ಎಣಿಸಿ. ನೂರು ಕೊಂಡಿ ಇದ್ದು, ಒಂದೊಂದು ಎಂಟಿಂಚಿಗೆ ಚೂರು ಕಡಿಮೆ ಇದ್ದರೆ ಅದು 66 ಅಡಿಯ ಗುಂಟರ್ ಸರಪಳಿ. ಕೊಂಡಿ ಒಂದಡಿ ಇದ್ದರೆ 100 ಅಡಿಯ ಇಂಜಿನಿಯರ್ ಸರಪಳಿ. ಹಿತ್ತಾಳೆ ಬಿಲ್ಲೆ ಹತ್ತು ಕೊಂಡಿಗೊಂದು ಇರುತ್ತೆ, ಬಿಲ್ಲೆಯ ಹಲ್ಲು ಎಣಿಸಿದರೆ ಎಷ್ಟನೇ ಹತ್ತು ಅಂತ ಗೊತ್ತಾಗುತ್ತೆ. ನಮ್ಮ ಕಂದಾಯದ ಅಳತೆಯಲ್ಲಿ ಗುಂಟರ್ ಸರಪಳಿಯ ಅರ್ಧ, 33 ಅಡಿಯ ಸರಪಳಿ, ಹದಿನಾರು ಆಣೆ. 33 ಅಡಿ ಚೌಕ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ನಿಮ್ಮ ಮಕ್ಕಳಿಗೆ ಪಾಠಕ್ಕೆ ಬೇಕಾದರೆ ಇದು ಚೆನ್ನಾಗಿರುತ್ತೆ: ಗುಂಟರ್ ಸರಪಳಿಯ ಚೌಕದಲ್ಲಿ ಎಷ್ಟು ಗುಂಟೆ?

---

ನೀರಾವರಿ ಎಇ, ಹಿರಿಯೂರು ಕಡೆ:

ಮೇಷ್ಟ್ರು ಹೇಳಿದ 'ಕಟ್ಟೋದು ಇಲ್ಲಿ, ಕಲಿಯೋದು ಇನ್ನೆಲ್ಲೋ' ಅನ್ನೋ ಮಾತಿಗೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1898ರಿಂದ 1907ರವರೆಗೆ ಕಟ್ಟಿದ್ದು. ಬೆಂಗಳೂರಿನ ಕಾಲೇಜು ಹುಟ್ಟೋ ಹತ್ತು ವರ್ಷ ಮೊದಲೇ ಕೆಲಸ ಮುಗಿದಿತ್ತು. ಎರಡು ಗುಡ್ಡದ ನಡುವೆ ವೇದಾವತಿಗೆ ಅಡ್ಡಲಾಗಿ ಸುಮಾರು 1330 ಅಡಿ ಉದ್ದ, 162 ಅಡಿ ಎತ್ತರದ ಕಲ್ಲುಕಟ್ಟಡ. ಸುಮಾರು 30 ಟಿಎಂಸಿ ನೀರು. ಕೋಡಿಯ ಮಟ್ಟ 130 ಅಡಿ.

ಈ 130 ಅನ್ನೋ ಅಂಕಿ ನಮ್ಮ ಕಡೆಯವರ ಬಾಯಲ್ಲಿ ಇವತ್ತಿಗೂ ಅಡಿಯಲ್ಲೇ ಇದೆ. ದೇಶ ಮೀಟರಿಗೆ ಬಂದು ಎಷ್ಟೋ ದಶಕ ಆಯಿತು, ಆದರೆ ಹಿರಿಯೂರಿನ ಟೀ ಅಂಗಡಿಯಲ್ಲಿ 'ಡ್ಯಾಂ ಎಷ್ಟಾತು?' ಅಂದರೆ 'ನೂರಾ ಹದಿನೆಂಟು' ಅಂತಾರೆಯೇ ಹೊರತು ಮೀಟರಿನ ಮಾತೇ ಬರಲ್ಲ. 1933ರಲ್ಲಿ ಒಂದು ಸಲ ಕೋಡಿ ಬಿದ್ದಿತ್ತು, ಆಮೇಲೆ ಬಿದ್ದಿದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಆ ದಿನ ನಾನು ಅಲ್ಲೇ ಇದ್ದೆ. ಜನ ಟ್ರ್ಯಾಕ್ಟರಿನಲ್ಲಿ, ಬೈಕಿನಲ್ಲಿ, ಎತ್ತಿನ ಗಾಡಿಯಲ್ಲಿ ಬಂದು ನಿಂತಿದ್ದರು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಯಾರೋ ಕೋಲು ಹಿಡಿದು, ಯಾರೋ ತಲೆಕೆಳಗಾದ ಅಂಕಿ ಓದಿ, 'ಇಲ್ಲಿಗೆ ಬಂದರೆ ನೀರು ಹೊರಗೆ ಹೋಗಬೇಕು' ಅಂತ ಗುರುತು ಹಾಕಿದ್ದರಲ್ಲ, ನೀರು ಅಲ್ಲೇ ಹೊರಗೆ ಹೋಯಿತು. ಮೇಷ್ಟ್ರ ಕಾಲುವೆಯ ಕಥೆ ಓದಿದ ಮೇಲೆ ಅದು ಸಣ್ಣ ವಿಷಯ ಅಲ್ಲ ಅನ್ನಿಸ್ತಿದೆ.

ಬ್ಲೂಪ್ರಿಂಟ್ ಹೇಗೆ ಆಗುತ್ತಿತ್ತು ಅಂತ ನಮ್ಮ ಆಫೀಸಿನ ಹಳೇ ಡ್ರಾಫ್ಟ್ಸ್‌ಮನ್ ಒಬ್ಬರು ಹೇಳ್ತಿದ್ದರು. ಕಬ್ಬಿಣದ ಲವಣ ಹಚ್ಚಿದ ಕಾಗದದ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಗಾಜಿನ ಚೌಕಟ್ಟಿನಲ್ಲಿ ಒತ್ತಿ ಬಿಸಿಲಿಗೆ ಇಡೋದು, ಆಮೇಲೆ ನೀರಿನಲ್ಲಿ ತೊಳೆಯೋದು. ಬಿಸಿಲು ಬಿದ್ದ ಕಡೆ ನೀಲಿ, ಶಾಯಿಯ ಗೆರೆ ತಡೆದ ಕಡೆ ಬಿಳಿ. ಮೋಡದ ದಿನ ಪ್ರಿಂಟು ತಡವಾಗ್ತಿತ್ತಂತೆ. ಹಾಗಾಗಿ ನಿಮ್ಮ ಅರ್ಧ ಬಟ್ಟೆ ನಕ್ಷೆಯೇ ಮೂಲ ಮೇಡಂ. ನೀಲಿ ಕಾಗದ ಅದರ ನಕಲು ಇರಬಹುದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, ಒಂದೇ ಸೇತುವೆಯಾ ಅಂತ.

---

ಗಣಿತ ಟೀಚರ್, ದಾವಣಗೆರೆ:

ಸರ್, ಒಣ ಕುಂಚದಿಂದಲೇ ಒರೆಸಿದೆ. ನೀವು ಹೇಳದಿದ್ದರೆ ಭಾನುವಾರ ಒದ್ದೆ ಬಟ್ಟೆ ಹಾಕೇಬಿಡ್ತಿದ್ದೆ.

ಮೊದಲು ಬಟ್ಟೆಯ ವಿಷಯ. ಎರಡೂ ಒಂದೇ ಸೇತುವೆ, ಅದೇ ಮೂರು ಕಮಾನು. ಕತ್ತರಿಸಿದ ಅರ್ಧ ಎಲ್ಲಿ ಹೋಯಿತು ಅಂತ ಹರಿಹರದಲ್ಲಿರುವ ನಮ್ಮ ಸೋದರತ್ತೆಗೆ ಫೋನ್ ಮಾಡಿದೆ. ಅತ್ತೆಗೆ ಎಂಬತ್ತಾರು. ಅವರು ಹೇಳಿದ್ದು: ಬೇಡವಾದ ನಕ್ಷೆ ಬಟ್ಟೆಗಳನ್ನು ಅಜ್ಜಿ ಬಿಸಿನೀರಿನಲ್ಲಿ ನೆನೆಹಾಕಿ ತಿಕ್ಕಿದರೆ ಗಂಜಿಯೆಲ್ಲ ಬಿಟ್ಟು ಒಳಗಿಂದ ಮಲ್ಲಿಗೆಯಂಥ ತೆಳು ಹತ್ತಿ ಬಟ್ಟೆ ಬರ್ತಿತ್ತಂತೆ. ಅದರಲ್ಲಿ ಕೂಸಿನ ಅಂಗಿ ಹೊಲೀತಿದ್ದರಂತೆ. 'ನಿಮ್ಮಪ್ಪ ಹುಟ್ಟಿದಾಗ ಹಾಕಿದ ಮೊದಲ ಅಂಗಿ ಅದೇ ಕಣೇ' ಅಂದರು. ಬಟ್ಟೆಯ ಅಂಗಡಿಗಳ, ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಈ ಊರಿನಲ್ಲಿ ನಮ್ಮಪ್ಪನ ಮೊದಲ ಅಂಗಿ ಒಂದು ಸೇತುವೆಯ ಕಮಾನು. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಸರಪಳಿಯಲ್ಲಿ ನೂರು ಕೊಂಡಿ, ಅಂಗಳದಲ್ಲಿ ಎಳೆದು ಟೇಪ್ ಹಿಡಿದರೆ 66 ಅಡಿ ಮೂರಿಂಚು. ನೂರು ವರ್ಷಕ್ಕೆ ಮೂರಿಂಚು ಹಿಗ್ಗಿದೆ ಅಂತ ಕಾಣುತ್ತೆ. ನಾಲ್ಕು ಗುಂಟೆ ಅನ್ನೋ ಉತ್ತರವನ್ನು ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು ತಡಮಾಡದೆ ಹೇಳಿದರು.

ದೂರಗಳು ಇವೆ ಸರ್! ನಾನು ಗಮನಿಸಿಯೇ ಇರಲಿಲ್ಲ. ಹದಿನಾಲ್ಕನೇ ಪುಟದಲ್ಲಿ ಯಂತ್ರವನ್ನು ನಾಲ್ಕು ಸಲ ನಿಲ್ಲಿಸಿದ್ದಾರೆ. ಬ್ಯಾಕ್ ಸೈಟಿನ ದೂರ 74, 86, 90, 70 ಅಡಿ. ಒಟ್ಟು 320. ಫೋರ್ ಸೈಟಿನದು 246, 254, 260, 240. ಒಟ್ಟು 1000. ಎರಡೂ ಸೇರಿ 1320 ಅಡಿ, ನೀವು ಊಹಿಸಿದ ಹಾಗೆ ಕರಾರುವಾಕ್ಕಾಗಿ ಕಾಲು ಮೈಲಿ. ಮತ್ತೆ ಮಾಡಿದ ಪುಟದಲ್ಲಿ ಬ್ಯಾಕ್ ಸೈಟಿನ ಮೊತ್ತ 662, ಫೋರ್ ಸೈಟಿನದು 658.

---

ಹಳೇ ಸರ್ವೇ ಮೇಷ್ಟ್ರು:

ಇದೇ ನೋಡ್ರಿ ನನ್ನ ಅನುಮಾನ!

ಮೊದಲ ದಿನ ಪ್ರತಿ ಸಲವೂ ಯಂತ್ರವನ್ನು ಹಿಂದಿನ ಕೋಲಿನ ಹತ್ತಿರ ನಿಲ್ಲಿಸಿ, ಮುಂದಕ್ಕೆ ಮೂರರಷ್ಟು ದೂರ ನೋಡಿದ್ದಾರೆ. ಹೊಸಬರ ಅಭ್ಯಾಸ ಅದು, ಬೇಗ ಮುಂದೆ ಹೋಗೋ ಆತುರ. ಯಂತ್ರದ ದೃಷ್ಟಿಗೆರೆ ಪೂರ್ತಿ ಸಮಮಟ್ಟಕ್ಕಿದ್ದರೆ ಇದರಿಂದ ಏನೂ ಆಗಲ್ಲ. ಆದರೆ ಯಂತ್ರದ ಮಟ್ಟ ತೋರಿಸೋ ಗುಳ್ಳೆ ನಡುವೆ ನಿಂತಿದ್ದರೂ ದುರ್ಬೀನು ಒಂದು ಎಳ್ಳಿನಷ್ಟು ಮೇಲಕ್ಕೆ ನೋಡ್ತಿದ್ದರೆ? ಆಗ ದೂರ ಹೆಚ್ಚಾದಷ್ಟೂ ಓದು ಹೆಚ್ಚಾಗುತ್ತೆ. ಹಿಂದಿನ ಓದು ಚೂರು ಹೆಚ್ಚು, ಮುಂದಿನ ಓದು ಅದರ ಮೂರರಷ್ಟು ಹೆಚ್ಚು. ಮುಂದಿನದನ್ನು ಕಳೆಯೋದು, ಹಾಗಾಗಿ ಕೊನೆಯ ಎತ್ತರ ತಗ್ಗಬೇಕು. ತಗ್ಗಿದೆ, 99.87. ಲೆಕ್ಕ ಹಾಕಿ: ಮುಂದಿನದು ಹಿಂದಿನದಕ್ಕಿಂತ 680 ಅಡಿ ಹೆಚ್ಚು. 0.13ನ್ನು 680ರಿಂದ ಭಾಗಿಸಿದರೆ ನೂರಡಿಗೆ ಸುಮಾರು 0.02 ಅಡಿ. ಯಂತ್ರ ಇಷ್ಟು ಓರೆ ಇತ್ತು ಅನ್ನೋದು ನಂಬುವಂಥ ಮಾತೇ.

ಎರಡನೇ ದಿನ ಯಂತ್ರವನ್ನು ಪ್ರತಿ ಸಲ ಸರಿಯಾಗಿ ನಡುವೆ ಇಟ್ಟಿದ್ದಾರೆ. 662 ಮತ್ತು 658. ಹಿಂದೆ ಎಷ್ಟು ತಪ್ಪೋ ಮುಂದೆಯೂ ಅಷ್ಟೇ ತಪ್ಪು. ಕಳೆದಾಗ ಒಂದನ್ನೊಂದು ನುಂಗಿಕೊಳ್ಳುತ್ತವೆ. ಉಳಿದ 0.02 ಕಣ್ಣಿನದು, ಕೈಯದು, ಯಾರಿಗಾದರೂ ಬರುವಂಥದ್ದು. ಎರಡೂ ಬದಿಗೆ ಸಮ ದೂರ ಇಡು ಅಂತ ನಾನು ಮೂವತ್ತು ವರ್ಷ ಹೇಳಿದೆ. ಯಾಕೆ ಅಂತ ತೋರಿಸೋಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನ್ನ ಹತ್ತಿರ ಇರಲಿಲ್ಲ. ತಪ್ಪಿದ ಪುಟ ಹರಿದಿದ್ದರೆ ಇದೂ ಇರ್ತಿರಲಿಲ್ಲ.

ಆದರೆ ಇನ್ನೊಂದು ಸಾಧ್ಯತೆ ಇದೆ, ಅದನ್ನೂ ನೋಡಬೇಕು. ಎರಡನೇ ದಿನ ಅವರಿಗೆ ಬೇರೆ, ಒಳ್ಳೆಯ ಯಂತ್ರ ಕೊಟ್ಟಿರಬಹುದು. ಹಾಗಿದ್ದರೆ ನನ್ನ ವಾದ ಬಿದ್ದುಹೋಗುತ್ತೆ. ಪುಟದ ತಲೆಯಲ್ಲಿ ತಾರೀಖಿನ ಪಕ್ಕ ಯಂತ್ರದ ನಂಬರ್ ಬರೆಯೋ ವಾಡಿಕೆ ಇತ್ತು. ನೋಡಿ ಹೇಳ್ತೀರಾ?

---

ಸಿವಿಲ್ ಆರನೇ ಸೆಮಿಸ್ಟರ್:

ಸರ್, ನನ್ನ ಮೊದಲ ಉತ್ತರ ತಪ್ಪು. ಅಳಿಸೋದು ಬೇಡ, ಹಾಗೇ ಇರಲಿ. ನಾಳೆ ಲ್ಯಾಬಿನಲ್ಲಿ ಆಟೋ ಲೆವೆಲ್ ತಗೊಂಡು 80 ಮತ್ತು 250 ಅಡಿ ಇಟ್ಟು ಒಂದು ಸಲ, ನಡುವೆ ಇಟ್ಟು ಒಂದು ಸಲ ಮಾಡಿ ನೋಡ್ತೀವಿ. ನಾಲ್ಕು ಜನ ಒಪ್ಪಿದ್ದಾರೆ.

---

ಗಣಿತ ಟೀಚರ್, ದಾವಣಗೆರೆ:

ಸರ್, ಈಗ ಭೂತಗನ್ನಡಿ ಹಿಡಿದು ನೋಡಿದೆ. ಹದಿನಾಲ್ಕನೇ ಪುಟದ ತಲೆಯಲ್ಲಿ 'ಡಂಪಿ ನಂ. 7'. ನಾಲ್ಕು ದಿನದ ನಂತರದ ಪುಟದಲ್ಲೂ 'ಡಂಪಿ ನಂ. 7'. ಅದರ ಕೆಳಗೆ ಒಂದು ಗೆರೆ ಎಳೆದಿದ್ದಾರೆ.